ಒಂದು ಮಾರು ದೂರದ ನಿಂಬಿ

ಶಾಲೆಯ ಗೋಡೆಗಳಿಗೆ ಗುರಿಗನ್ನಡಿ ಬಂದ ಮೇಲೆ ಗುಡದಾಳದ ನೇಕಾರ ಕಾಲೊನಿಯಲ್ಲಿ ಮಕ್ಕಳನ್ನು ಗೇಣಿನಲ್ಲಿ ಅಳೆಯುವುದು ರೂಢಿಯಾಯಿತು. ನಳದ ಹತ್ತಿರ, ನೂಲಿಗೆ ಬಣ್ಣ ಕಾಯಿಸುವ ಹಂಡೆಗಳ ಹತ್ತಿರ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಕೇಳುತ್ತಿದ್ದರು: ನಿಮ್ಮವ ಎಷ್ಟಕ್ಕೆ ಬಂದ? ಒಂದು ಗೇಣು ಉಳಿದಿದೆ, ಮಗ್ಗಿಯೊಂದು ಕಾಡುತ್ತಿದೆ ಎಂದು ಒಬ್ಬಳು ಅಂದರೆ, ನಮ್ಮಾಕಿ ನಾಲ್ಕು ಬೆರಳಿಗೆ ಬಂದು ಕೂತುಬಿಟ್ಟಿದ್ದಾಳೆ ಎಂದು ಇನ್ನೊಬ್ಬಳು ನಿಟ್ಟುಸಿರು ಬಿಡುತ್ತಿದ್ದಳು. ಬಟ್ಟೆಯನ್ನು ಗೇಣು, ಮೊಳ, ಮಾರುಗಳಲ್ಲಿ ಅಳೆದುಕೊಂಡೇ ಬದುಕಿದ ಜನಕ್ಕೆ ಈ ಲೆಕ್ಕ ಪರಕೀಯವೆನಿಸಲಿಲ್ಲ.

ಅದಕ್ಕೂ ಮೊದಲು ಶಾಲೆಯ ಸುಧಾರಣೆಯ ಗುರಿಗಳೆಲ್ಲ ಕಾಗದದ ಮೇಲೆ ಇದ್ದವು. ಜೂನಿನಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದರು: ಇಷ್ಟು ಮಕ್ಕಳು ಓದಬೇಕು, ಇಷ್ಟು ಮಕ್ಕಳು ಭಾಗಾಕಾರ ಕಲಿಯಬೇಕು. ದೀಪಾವಳಿಯ ಹೊತ್ತಿಗೆ ಬಿಸಿಲು ಆ ಅಂಕಿಗಳನ್ನು ತಿಂದಿರುತ್ತಿತ್ತು. ಅಂಕಿಯನ್ನು ಯಾರೂ ಪ್ರೀತಿಸುವುದಿಲ್ಲ, ಆದ್ದರಿಂದ ಗುರಿಯನ್ನು ಕಣ್ಣಿಗೆ ಕಾಣಿಸಬೇಕು ಎಂದು ಧಾರವಾಡದ ಒಂದು ಪ್ರಯೋಗಾಲಯಕ್ಕೆ ಹೊಳೆಯಿತು. ಅಲ್ಲಿಂದ ಬಂದದ್ದು ಈ ಕನ್ನಡಿ. ಗಾಜಿನ ಬೆನ್ನಿಗೆ ಕೂದಲಿಗಿಂತ ತೆಳುವಾದ ಎಳೆಗಳ ಒಂದು ಪದರ. ಜೂನ್ ತಿಂಗಳಿಡೀ ಅದು ಮಗುವಿನ ಓದು, ನಡಿಗೆ, ಸೀಸದ ಕಡ್ಡಿ ಹಿಡಿಯುವ ಬೆರಳು, ಉಸಿರಿನ ಏರಿಳಿತ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಆಮೇಲೆ ಶಿಕ್ಷಕಿ ಆ ಮಗುವಿಗೊಂದು ಗುರಿಯನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಗುರಿ ಮುಟ್ಟಿದರೆ ಬರುವ ಮಾರ್ಚಿನಲ್ಲಿ ಆ ಮಗು ಹೇಗಿರುತ್ತದೋ ಹಾಗೆ ಕನ್ನಡಿ ಅದನ್ನು ಕಟ್ಟಿ, ಅದರ ಪ್ರತಿಬಿಂಬದ ಪಕ್ಕದಲ್ಲಿ ನಿಲ್ಲಿಸುತ್ತದೆ.

ಹೀಗೆ ಪ್ರತಿ ಮಗುವೂ ಕನ್ನಡಿಯಲ್ಲಿ ಇಬ್ಬರು. ಒಬ್ಬ ಇವತ್ತಿನವನು, ಒಬ್ಬ ಮಾರ್ಚಿನವನು. ಮಗು ಕಲಿತಂತೆ ಇಬ್ಬರೂ ಹತ್ತಿರ ಬರುತ್ತಾರೆ. ಒಂದು ದಿನ ಹೆಗಲು ತಾಗುತ್ತದೆ, ಇನ್ನೊಂದು ದಿನ ಕನ್ನಡಿಯಲ್ಲಿ ಒಬ್ಬನೇ ಇರುತ್ತಾನೆ. ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಸೇರಿಸುವುದಕ್ಕೆ ಕಾಲೊನಿಯವರು ಕೂಡಿಸುವುದು ಅನ್ನುತ್ತಿದ್ದರು. ಅದೇ ಮಾತನ್ನು ಇದಕ್ಕೂ ತಂದರು. ಮಗು 'ಕೂಡಿದ' ದಿನ ಮನೆಯವರು ಓಣಿಗೆಲ್ಲ ಬೆಲ್ಲ ಕೊಬ್ಬರಿ ಹಂಚುತ್ತಿದ್ದರು.

ಕಸ್ತೂರಿ ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಮೂರನೆಯ ತರಗತಿಯೂ ಅವಳದೇ. ಮನೆಯಲ್ಲಿ ಅವಳು ಮಿತಭಾಷಿ. ಮಾತಿಲ್ಲದೆ ಒಂದು ಸಂಜೆಯನ್ನು ಕಳೆಯಬಲ್ಲವಳು. ತರಗತಿಯಲ್ಲಿ ಮಾತ್ರ ಬಾಯಿ ನಿಲ್ಲುತ್ತಿರಲಿಲ್ಲ. ಪ್ರಶ್ನೆ ಕೇಳಿ, ಮಕ್ಕಳು ಸುಮ್ಮನಿದ್ದರೆ, ಆ ಮೌನ ಬಾವಿಯ ಹಾಗೆ ಬಾಯಿ ತೆರೆಯುತ್ತಿದೆ ಅನಿಸಿ ತಾನೇ ಉತ್ತರವನ್ನೂ ಹೇಳಿಬಿಡುತ್ತಿದ್ದಳು. ಇದು ಅವಳಿಗೆ ಗೊತ್ತಿತ್ತು. ಶಿಕ್ಷಕರೂ ತಮಗೊಂದು ಗುರಿ ಬರೆದುಕೊಳ್ಳಬೇಕು ಎಂಬ ನಿಯಮ ಬಂದಾಗ, 'ಪ್ರಶ್ನೆ ಕೇಳಿದ ಮೇಲೆ ಮಗುವಿಗಾಗಿ ಕಾಯುವುದು' ಎಂದು ಪಕ್ಕದ ಶಾಲೆಯವರು ಬರೆದದ್ದನ್ನೇ ನೋಡಿ ಬರೆದಿದ್ದಳು.

ಆ ಗುರಿಯ ಕಸ್ತೂರಿ ಹೇಗಿದ್ದಾಳೆಂದು ಅವಳು ನೋಡಿರಲಿಲ್ಲ. ಕನ್ನಡಿಯ ಬಲತುದಿಯ ಪಟ್ಟಿ ಶಿಕ್ಷಕರದು. ಅದರ ಮೇಲೆ ಕರ್ನಾಟಕದ ನಕಾಶೆಯೊಂದನ್ನು ಇಳಿಬಿಡುವುದು ತಾಲ್ಲೂಕಿನ ಎಲ್ಲ ಶಾಲೆಗಳ ಪದ್ಧತಿ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ತಪಾಸಣೆಗೆ ಬಂದ ಅಧಿಕಾರಿಗಳು ಆ ನಕಾಶೆಯನ್ನು ಮೆಚ್ಚುಗೆಯಿಂದ ನೋಡಿ, ಎತ್ತದೆ, ಚಹಾ ಕುಡಿದು ಹೋಗುತ್ತಿದ್ದರು.

ಮೂರನೆಯ ತರಗತಿಯಲ್ಲಿ ನಿಂಬೆವ್ವ ಎಂಬ ಹುಡುಗಿ ಇದ್ದಳು. ಎಲ್ಲರಿಗೂ ನಿಂಬಿ. ನಾಲ್ಕು ವರ್ಷದವರೆಗೆ ಅಲ್ಪಸ್ವಲ್ಪ ಮಾತಾಡಿದ್ದಳಂತೆ, ಆಮೇಲೆ ಬಿಟ್ಟಳು. ಕಿವಿ ಸರಿ ಇದೆ, ಗಂಟಲು ಸರಿ ಇದೆ ಎಂದು ಡಾಕ್ಟರು ಹೇಳಿದ್ದರು. ಬರೆಯುತ್ತಿದ್ದಳು, ಲೆಕ್ಕ ಮಾಡುತ್ತಿದ್ದಳು, ಕಿಟಕಿಯ ಹೊರಗೆ ಒಣಹಾಕಿದ ಬಣ್ಣದ ನೂಲಿನ ಲಡಿಗಳು ಗಾಳಿಗೆ ತೂಗುವುದನ್ನು ನೋಡುತ್ತ ಕೂರುತ್ತಿದ್ದಳು. ಅವಳ ಸುಮ್ಮನಿರುವಿಕೆಯಲ್ಲಿ ದುಃಖವಿರಲಿಲ್ಲ. ಎಲ್ಲಿಗೋ ಹೋಗಬೇಕಾದವರು ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತ ಹಾಗಿತ್ತು.

ಕಸ್ತೂರಿ ಅವಳಿಗೆ ಬರೆದ ಗುರಿ, 'ತರಗತಿಯ ಮುಂದೆ ನಿಂತು ಒಂದು ಕಥೆ ಹೇಳುವುದು.'

ಆದರೆ ದನಿಯೇ ಕೊಡದ ಮಗುವಿಗೆ ಕನ್ನಡಿ ದನಿ ಕಟ್ಟುವುದು ಹೇಗೆ? ಅಂಥವರಿಗೆ ತಾಯಿಯದೊಂದು, ತಂದೆಯದೊಂದು ದನಿಯನ್ನು ತೆಗೆದುಕೊಳ್ಳಬೇಕು, ಎರಡನ್ನೂ ಬೆರೆಸಿ ಕನ್ನಡಿ ಮಗುವಿನ ದನಿಯನ್ನು ಊಹಿಸುತ್ತದೆ. ತಾಯಿ ರುಕ್ಮವ್ವ ಬಂದಳು. ತಂದೆ ಮಹಾಂತಪ್ಪ ಬರಲಿಲ್ಲ. ಅವನು ಸೆರಗು ಕೂಡಿಸುತ್ತಿದ್ದ. ಮೈಯ ನೂಲಿನ ಎಳೆಗೆ ಸೆರಗಿನ ರೇಷ್ಮೆಯ ಎಳೆಯನ್ನು ಒಂದೊಂದಾಗಿ ಜೋಡಿಸುವ ಆ ಕೆಲಸಕ್ಕೆ ಕೂತವರು ಮುಗಿಸದೆ ಏಳುವುದಿಲ್ಲ. ನಡುವೆ ಎದ್ದರೆ ಎಳೆ ಮುನಿಯುತ್ತದೆ ಅನ್ನುತ್ತಾರೆ. ಗುರಿಗಳನ್ನು ಕಳಿಸಲು ಅದೇ ಕೊನೆಯ ದಿನ. ಕಸ್ತೂರಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದಳು, ಆಮೇಲೆ ತಂದೆಯ ಜಾಗದಲ್ಲೂ ರುಕ್ಮವ್ವನಿಗೇ ಇನ್ನೊಮ್ಮೆ ಮಾತಾಡಲು ಹೇಳಿದಳು.

ಮರುದಿನ ನಿಂಬಿ ಕನ್ನಡಿಯ ಮುಂದೆ ನಿಂತಾಗ ಅವಳ ಪಕ್ಕದಲ್ಲಿ ಇನ್ನೊಬ್ಬ ನಿಂಬಿ ಇದ್ದಳು. ಅದೇ ಎರಡು ಜಡೆ, ಅದೇ ಸವೆದ ಕಾಲರು. ಗಲ್ಲವನ್ನು ಮಾತ್ರ ಸ್ವಲ್ಪ ಮೇಲೆತ್ತಿದ್ದಳು. ಅವಳು ಬಾಯಿ ತೆರೆದು, ಒಂದು ಊರಿನಲ್ಲಿ ಒಂದು ಗುಬ್ಬಿ ಇತ್ತು ಎಂದು ಶುರುಮಾಡಿದಳು. ದನಿ ತೆಳ್ಳಗೆ, ಸ್ವಚ್ಛವಾಗಿ, ತೊಳೆದ ಬಟ್ಟಲಿನ ಅಂಚು ತಟ್ಟಿದ ಹಾಗಿತ್ತು. ಬಾಗಿಲಲ್ಲಿ ನಿಂತಿದ್ದ ರುಕ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು.

ಅವತ್ತಿನಿಂದ ಶಾಲೆ ಬಿಟ್ಟ ಮೇಲೆ ರುಕ್ಮವ್ವ ದಿನವೂ ಬರತೊಡಗಿದಳು. ಮಗಳನ್ನು ಕರೆದುಕೊಂಡು ಹೋಗಲು ಎಂಬುದು ನೆಪ. ಎದುರಿಗೆ ಮಗು ಇಲ್ಲದೆ ಕನ್ನಡಿಯ ಮಗು ಕಾಣುವುದಿಲ್ಲವಾದ್ದರಿಂದ ನಿಂಬಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ತಾನು ಹಿಂದಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಕನ್ನಡಿಯ ನಿಂಬಿ ಕಥೆ ಹೇಳುತ್ತಿದ್ದಳು. ಇಳಿಬಿಸಿಲು ಗಾಜಿನ ಮೇಲೆ ಜೇನಿನಂತೆ ಹರಡುತ್ತಿತ್ತು. ಓಣಿಯ ಮಗ್ಗಗಳ ಸದ್ದು ದೂರದಿಂದ ಹೂಂಗುಟ್ಟುತ್ತಿತ್ತು. ರುಕ್ಮವ್ವ ನಗುತ್ತಿದ್ದಳು, ಕಥೆಗೆ ನಡುನಡುವೆ 'ಹೌದೇನವಾ?' ಅನ್ನುತ್ತಿದ್ದಳು. ಮೊದಮೊದಲು ಕಸ್ತೂರಿಗೂ ಅದು ಸುಂದರವಾಗಿಯೇ ಕಂಡಿತು. ಕೀಲಿ ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ ಅವಳಿಗೆ ಈ ಮೂವರೂ ಯಾವುದೋ ನೀರಿನ ಅಡಿಯಲ್ಲಿ ಕೂತವರಂತೆ ಅನಿಸುತ್ತಿತ್ತು. ನಿಲ್ಲಿಸಿದಲ್ಲಿ ನಿಂತ ಹುಡುಗಿಯ ಬೆನ್ನನ್ನು ಆ ಹೊತ್ತಿನಲ್ಲಿ ಯಾರೂ ನೋಡುತ್ತಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ತಡವಾಗಿ.

ದಸರಾ ರಜೆಯ ನಂತರ ತಾಲ್ಲೂಕಿನಿಂದ ಕರೆ ಬಂತು.

ನಿಗಾ ಕೊಠಡಿ ಎಂದರೆ ಹಳೆಯ ಗೋದಾಮೊಂದರ ತಂಪು ಕತ್ತಲು. ಗೋಡೆಯ ತುಂಬ ಸಣ್ಣ ದೀಪಗಳು, ಒಂದೊಂದು ದೀಪವೂ ಒಂದೊಂದು ಮಗು. ಗುರಿಗೆ ಹತ್ತಿರವಾದಂತೆ ಬಿಳಿ, ದೂರವಾದಂತೆ ಕೆಂಪು. ಕನ್ನಡಿಗಳ ಜವಾಬ್ದಾರಿ ಹೊತ್ತಿದ್ದ ಜಾಹಿದಾ ಮುಲ್ಲಾ ಚುರುಕು ಕಣ್ಣಿನ ಹೆಂಗಸು, ಕಸ್ತೂರಿಯ ಓರಗೆಯವಳು. ಅವಳು ಒಂದು ಕೆಂಡದಂಥ ದೀಪವನ್ನು ತೋರಿಸಿ, ನಿಂಬಿಯ ಅಂತರ ಕಡಿಮೆಯಾಗುವ ಬದಲು ಬೆಳೆಯುತ್ತಿದೆ ಎಂದಳು. ಜುಲೈಯಲ್ಲಿ ಎರಡು ಗೇಣಿದ್ದದ್ದು ಈಗ ಮಾರಿನ ಹತ್ತಿರ, ಚಾಚಿದ ಎರಡು ಕೈಗಳ ಅಗಲಕ್ಕೆ ಬಂದಿದೆ. ಮಾರು ದಾಟಿದರೆ ಗುರಿಯ ಮಗು ಕನ್ನಡಿಯ ಚೌಕಟ್ಟಿನ ಹೊರಗೆ ಹೋಗುತ್ತದೆ. ಹಾಗಾದ ಮಗುವನ್ನು ಜಿಲ್ಲೆಯ ವಿಶೇಷ ವಸತಿ ಶಾಲೆಗೆ ಕಳಿಸಬೇಕೆಂಬುದು ನಿಯಮ. ಪರಿಶೀಲನೆ ಮುಂದಿನ ವಾರ.

ಕಸ್ತೂರಿ ಒಪ್ಪಲಿಲ್ಲ. ಹುಡುಗಿ ಬರೆಯುತ್ತಾಳೆ, ಲೆಕ್ಕದಲ್ಲಿ ಮುಂದಿದ್ದಾಳೆ, ಹಿಂದೆ ಬಿದ್ದದ್ದು ಎಲ್ಲಿ ಎಂದು ಕೇಳಿದಳು. ಜಾಹಿದಾ ಪರದೆಯ ಮೇಲೆ ಎರಡು ಗೆರೆಗಳನ್ನು ತಂದಳು. ಮೇಲಿನದು ಕನ್ನಡಿಯ ನಿಂಬಿಯ ದನಿ, ಕೆಳಗಿನದು ನಿಜದ ನಿಂಬಿಯ ಉಸಿರು. ಮೇಲಿನ ಗೆರೆ ಕುಣಿಯತೊಡಗಿದಾಗಲೆಲ್ಲ ಕೆಳಗಿನದು ನೆಟ್ಟಗೆ, ಚಪ್ಪಟೆಯಾಗಿ ಮಲಗಿಬಿಡುತ್ತಿತ್ತು.

"ನೋಡ್ರಿ," ಎಂದಳು ಜಾಹಿದಾ. "ಆಕಿ ಬಾಯಿ ತಗದ್ಲಂದ್ರ ಈಕಿ ಉಸಿರು ಹಿಡೀತಾಳ. ಮನ್ಯಾಗ ದೊಡ್ಡೋರು ಮಾತಾಡುವಾಗ ಸಣ್ಣೋರು ಬಾಯಿ ಮುಚ್ಚಿ ನಿಂದರ್ತಾರಲ್ಲ, ಹಂಗ. ಆಕಿಗೆ ಜಾಗಾ ಬಿಟ್ಟು ಕೊಡಾಕತ್ಯಾಳ ನಿಮ್ಮ ಹುಡುಗಿ."

ಬೇರೆ ಮಕ್ಕಳಿಗೆ ಹೀಗೆ ಆಗಲಿಲ್ಲವೇ ಎಂದು ಕೇಳಿದ್ದಕ್ಕೆ, ಬೇರೆ ಮಕ್ಕಳ ತಾಯಂದಿರು ದಿನವೂ ಬಂದು ಕೂರಲಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಉಪಾಯವೊಂದಿತ್ತು. ಗುರಿಯ ವಾಕ್ಯವನ್ನು ಅಳಿಸಿ ಜಾಗವನ್ನು ಖಾಲಿ ಬಿಡಬಹುದು. ವರ್ಷಕ್ಕೆ ಒಂದು ಮಗುವಿಗೆ ಹಾಗೆ ಮಾಡಲು ಶಾಲೆಗೆ ಅಧಿಕಾರವಿದೆ, ಆದರೆ ತಾಯಿತಂದೆಯ ಒಪ್ಪಿಗೆ ಬೇಕು. ಹಾಗೆ ಮಾಡಿದರೆ ನಿಂಬಿ ಇಲ್ಲೇ ಉಳಿಯುತ್ತಾಳೆ. ಕನ್ನಡಿಯ ನಿಂಬಿ ಹೋಗುತ್ತಾಳೆ. ಮತ್ತೆ ಅದೇ ವಾಕ್ಯ ಬರೆದರೂ ಅವಳು ತಿರುಗಿ ಬರುವುದಿಲ್ಲ. ಜೂನಿನ ಆ ಉಸಿರು, ಆ ಬೆಳಕು, ಆ ವಯಸ್ಸಿನಿಂದ ಕಟ್ಟಿದ್ದು ಅದು. ಇನ್ನೊಮ್ಮೆ ಕಟ್ಟಿದರೆ ಬರುವವಳು ಬೇರೆಯೇ.

ಆ ಸಂಜೆ ಕಸ್ತೂರಿ ಪಡಸಾಲೆಯಲ್ಲಿ ಗಂಡ ವಿರೂಪಾಕ್ಷನ ಎದುರು ಕೂತು ಶೇಂಗಾ ಸುಲಿಯುತ್ತ ಇದನ್ನೆಲ್ಲ ಹೇಳಿದಳು. ಅವನು ಅಂಚೆ ಕಚೇರಿಯವನು, ಕೇಳಿಸಿಕೊಳ್ಳುವುದನ್ನು ಬಲ್ಲವನು. ಸಿಪ್ಪೆಯ ಗುಡ್ಡ ಬೆಳೆಯುತ್ತ ಹೋಯಿತು. ಕೊನೆಗೆ ಅವನು ಒಂದೇ ಮಾತು ಕೇಳಿದ.

"ಕನ್ನಡ್ಯಾಗ ನೀನೂ ಇರಬೇಕಲ್ಲ? ನೀ ಏನ್ ಮಾಡಾಕತ್ತಿರ್ತಿ?"

ನಕಾಶೆ ಇದೆ ಎಂದಳು ಕಸ್ತೂರಿ. ಅವನು ನಗಲಿಲ್ಲ. ಒಂದು ಜೊಳ್ಳು ಕಾಯನ್ನು ಬೆರಳಲ್ಲಿ ಒತ್ತಿ, ಸದ್ದು ಕೇಳಿ, ಪಕ್ಕಕ್ಕಿಟ್ಟ.

ಮರುದಿನ ಅವಳು ರುಕ್ಮವ್ವನ ಮನೆಗೆ ಹೋದಳು. ಒಂದೇ ಕೋಣೆ, ಅದರ ಮುಕ್ಕಾಲು ಪಾಲು ಮಗ್ಗದ್ದು. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಮಹಾಂತಪ್ಪ ಕೂತಿದ್ದ. ಉದ್ದ ಎಳೆಗಳ ಹಾಸಿನ ಇನ್ನೊಂದು ತುದಿಯಲ್ಲಿ ನಿಂಬಿ ಎಳೆಗಳನ್ನು ಬಿಡಿಸಿ ಅಪ್ಪನ ಕೈಗೆ ಕೊಡುತ್ತಿದ್ದಳು. ಅವರಿಬ್ಬರ ನಡುವೆ ಮಾತಿರಲಿಲ್ಲ, ಬೇಕಾಗಿಯೂ ಇದ್ದಂತಿರಲಿಲ್ಲ. ಒಮ್ಮೆ ಮಾತ್ರ ಅವನು, ಬಿರುಕುಬಿಟ್ಟ ಗಡಿಗೆಯೊಳಗಿಂದ ಬಂದಂಥ ದಪ್ಪ ಒಡಕು ದನಿಯಲ್ಲಿ, ಅಕ್ಕೋರಿಗೆ ನೀರು ಕೊಡು ಎಂದ. ನಿಂಬಿ ಎದ್ದು ಹೋಗಿ ತಂದಳು.

ಕಸ್ತೂರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಉಸಿರಿನ ಗೆರೆ, ಮಾರಿನ ಅಂತರ, ವಸತಿ ಶಾಲೆ, ಖಾಲಿ ಬಿಡುವ ಉಪಾಯ. ತಂದೆಯ ಜಾಗದಲ್ಲಿ ತಾಯಿಯ ದನಿಯನ್ನೇ ತುಂಬಿದ ತನ್ನ ಅವಸರವನ್ನೂ ಮುಚ್ಚಿಡಲಿಲ್ಲ. ಕೇಳಿ ಮಹಾಂತಪ್ಪ ಕೈಯಲ್ಲಿದ್ದ ಲಾಳಿಯನ್ನು ಹಾಸಿನ ಮೇಲಿಟ್ಟ. ರುಕ್ಮವ್ವ ಬಹಳ ಹೊತ್ತು ಒಲೆಯ ಬೂದಿಯನ್ನು ಕೆದಕಿದಳು. ಆಮೇಲೆ ತಲೆಯೆತ್ತದೆ ಕೇಳಿದಳು.

"ಆ ದೊಡ್ಡ ಸಾಲ್ಯಾಗೂ ಕನ್ನಡಿ ಇರ್ತೈತೇನ್ರಿ ಅಕ್ಕೋರ? ಆಕಿ ಅಲ್ಲೀಗೂ ಬರ್ತಾಳೇನು?"

ಯಾರು ಎಂದು ಕೇಳಲು ಹೊರಟ ಕಸ್ತೂರಿಯ ಬಾಯಿ ಅರ್ಧಕ್ಕೇ ನಿಂತಿತು. ಎಳೆ ಹಿಡಿದಿದ್ದ ನಿಂಬಿಯ ಬೆರಳೂ ನಿಂತಿತ್ತು. ತಾನು ಏನು ಕೇಳಿದೆ ಎಂಬುದು ಆಮೇಲೆ ರುಕ್ಮವ್ವನಿಗೆ ತಿಳಿಯಿತು. ಅವಳು ಮಗಳ ಕಡೆ ನೋಡಿದಳು. ನೋಡಲಾಗದೆ ಮತ್ತೆ ಬೂದಿಯ ಕಡೆ ತಿರುಗಿದಳು.

"ನಾ ಏನ್ ಮಾಡ್ಲಿರಿ," ಎಂದಳು. "ಇಷ್ಟು ವರ್ಷದಾಗ ಅವ್ವಾ ಅಂತ ಕರದದ್ದು ಆಕಿ ಒಬ್ಬಾಕಿನ."

ಕನ್ನಡಿಯ ನಿಂಬಿಯ ಕಥೆಯಲ್ಲಿ ಗುಬ್ಬಿಯ ಮರಿ ತಾಯಿಯನ್ನು ಹಾಗೆ ಕರೆಯುವುದಿತ್ತು. ಅಷ್ಟೇ. ಕಸ್ತೂರಿ ಅದನ್ನು ಹೇಳಲಿಲ್ಲ. ಪರಿಶೀಲನೆಯ ಹಿಂದಿನ ದಿನದವರೆಗೆ ಸಮಯವಿದೆ ಎಂದು ಮಾತ್ರ ಹೇಳಿ ಎದ್ದಳು.

ಪರಿಶೀಲನೆಯ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ರುಕ್ಮವ್ವ ಬಂದಳು. ತಲೆ ಬಾಚಿಕೊಂಡು, ಹಬ್ಬದ ಸೀರೆ ಉಟ್ಟುಕೊಂಡು ಬಂದಿದ್ದಳು. ಬೀಳ್ಕೊಡಲು ಬಂದವರಂತೆ. ನಮ್ಮವರು ಒಪ್ಪಿ ಬೆಳಗ್ಗೆಯೇ ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ, ನಾನೂ ಒತ್ತುತ್ತೇನೆ, ಆದರೆ ಒಂದು ಸಲ ಕೇಳುತ್ತೇನೆ ಎಂದಳು. ನಿಂಬಿ ಕನ್ನಡಿಯ ಮುಂದೆ ನಿಂತಳು. ಆ ಇನ್ನೊಬ್ಬಳು ಈಗ ಚೌಕಟ್ಟಿನ ಅಂಚಿನಲ್ಲಿದ್ದಳು, ಒಂದು ಹೆಗಲು ಆಗಲೇ ಹೊರಗೆ. ಅಷ್ಟು ದೂರದಿಂದಲೇ ಗುಬ್ಬಿಯ ಕಥೆಯನ್ನು ಪೂರ್ತಿ ಹೇಳಿದಳು. ರುಕ್ಮವ್ವ ಈ ಸಲ ಹೂಂಗುಟ್ಟಲಿಲ್ಲ. ಕಥೆ ಮುಗಿದ ಮೇಲೆ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟು, ತೆಗೆದು, ಒಪ್ಪಿಗೆ ದಾಖಲಿಸುವ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಕಸ್ತೂರಿ ವಾಕ್ಯವನ್ನು ಅಳಿಸಿದಳು.

ಸದ್ದಾಗಲಿಲ್ಲ. ಕನ್ನಡಿ ಒಮ್ಮೆ, ಕೆರೆಯ ಮೇಲೆ ಗಾಳಿ ಹಾದಂತೆ ನಡುಗಿತು. ಆಮೇಲೆ ಅದರಲ್ಲಿ ಒಬ್ಬಳೇ ಹುಡುಗಿ ಇದ್ದಳು. ಅವಳ ಪಕ್ಕದಲ್ಲಿ ಬರೀ ಗೋಡೆ, ಗೋಡೆಯ ಮೇಲೆ ಬಿಸಿಲು. ಲೆಕ್ಕದ ಪ್ರಕಾರ ನಿಂಬಿ ಕೂಡಿದ್ದಳು. ಬೆಲ್ಲ ಕೊಬ್ಬರಿ ಹಂಚಲು ಯಾರಿಗೂ ತೋಚಲಿಲ್ಲ.

ಮೌನ ಬಂದು ಕೂತಿತು. ಕಸ್ತೂರಿಗೆ ಅದನ್ನು ತಾಳಲಾಗಲಿಲ್ಲ. ಅವಳು ಮಾತಾಡತೊಡಗಿದಳು: ಇನ್ನು ಮೇಲೆ ಹೆದರಿಕೆಯಿಲ್ಲ ನಿಂಬಿ, ನಾಳೆ ನಾವು ಚಿತ್ರ ಬರೆಯೋಣ, ನಿನಗೆ ಯಾವ ಬಣ್ಣ ಇಷ್ಟ, ಕೆಂಪು ಅಲ್ಲವೇ, ಕೆಂಪೇ ಇರಬೇಕು. ಹುಡುಗಿ ಅವಳನ್ನೇ ನೋಡುತ್ತಿದ್ದಳು. ಆ ಎಳೆಯ ಎದೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಉಸಿರು ಹಿಡಿದಿದ್ದಳು. ಯಾರೋ ಮಾತಾಡುತ್ತಿದ್ದಾರಲ್ಲ, ಅದಕ್ಕೆ.

ಪರದೆಯ ಮೇಲೆ ನೋಡಿದ ಚಪ್ಪಟೆ ಗೆರೆ ಕಸ್ತೂರಿಯ ಕಣ್ಣ ಮುಂದೆ ಬಂತು. ಕನ್ನಡಿಯವಳು ಬರುವುದಕ್ಕೆ ಮೊದಲು ಈ ತರಗತಿಯಲ್ಲಿ ನಿಲ್ಲದೆ ಮಾತಾಡುತ್ತಿದ್ದವಳು ಯಾರು? ಅವಳು ಕನ್ನಡಿಯ ಬಲತುದಿಗೆ ಹೋಗಿ, ಧೂಳು ಹಿಡಿದ ನಕಾಶೆಯನ್ನು ಮೊಳೆಯಿಂದ ಬಿಡಿಸಿ ಕೆಳಗಿಳಿಸಿದಳು.

ಅಲ್ಲಿ ಎದೆಗವಚಿದ ನಕಾಶೆಯೊಂದಿಗೆ ನಿಂತ ಕಸ್ತೂರಿ ಇದ್ದಳು. ಅವಳ ಪಕ್ಕದಲ್ಲಿ, ಒಂದು ಮೊಳದಾಚೆ, ಇನ್ನೊಬ್ಬಳು ನೆಲದ ಮೇಲೆ ಕೂತಿದ್ದಳು. ಅವಳು ಪಾಠ ಮಾಡುತ್ತಿರಬಹುದು, ಬೆರಳೆತ್ತಿ ಏನನ್ನೋ ವಿವರಿಸುತ್ತಿರಬಹುದು ಎಂದು ಕಸ್ತೂರಿ ಇಷ್ಟು ದಿನ ಊಹಿಸಿದ್ದಳು. ಅಂಥದ್ದೇನೂ ಇರಲಿಲ್ಲ. ಮಡಿಲಲ್ಲಿ ಎರಡು ಕೈ, ಮುಚ್ಚಿದ ತುಟಿ. ಬಸ್ಸು ತಡವಾದರೂ ಬೇಸರವಿಲ್ಲದ ಪ್ರಯಾಣಿಕಳ ಹಾಗೆ ಕೂತಿದ್ದಳು. ಮನೆಯ ಸಂಜೆಗಳಲ್ಲಿ ತಾನು ಹೀಗೆಯೇ ಕೂರುವುದುಂಟು. ಅದನ್ನು ಇಲ್ಲಿಗೆ ತರಬಹುದೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

ಕಸ್ತೂರಿ ನಕಾಶೆಯನ್ನು ಮೇಜಿನ ಮೇಲಿಟ್ಟು, ನಿಂಬಿಯ ಎದುರು ನೆಲದ ಮೇಲೆ ಕೂತಳು. ಕನ್ನಡಿಗೆ ಬೆನ್ನು ಮಾಡಿ ಕೂತಳು. ರುಕ್ಮವ್ವನೂ ಬೆಂಚಿನಿಂದ ಇಳಿದು ಬಂದು, ಹಬ್ಬದ ಸೀರೆಯ ಪರಿವೆಯಿಲ್ಲದೆ ಪಕ್ಕದಲ್ಲಿ ಕೂತಳು. ನೋಡಲು ಕನ್ನಡಿಯಲ್ಲಿ ಈಗ ಏನೂ ಇರಲಿಲ್ಲವಾದ್ದರಿಂದ ಅವಳು ಮಗಳನ್ನು ನೋಡಿದಳು. ಹುಬ್ಬಿನ ಮೇಲೊಂದು ಸಣ್ಣ ಗಾಯದ ಕಲೆಯಿತ್ತು. ಯಾವಾಗ ಆಯಿತು ಎಂದು ಕೇಳುವವಳಂತೆ ಕೈ ಚಾಚಿ, ಅರ್ಧದಲ್ಲೇ ಬಿಟ್ಟಳು.

ಬಿಸಿಲು ಕಿಟಕಿಯಿಂದ ಇಳಿದು, ಬೆಂಚುಗಳನ್ನು ದಾಟಿ, ಅವರ ಪಾದದವರೆಗೆ ಬಂತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಹೊರಗೆ ಒಣಹಾಕಿದ ನೂಲನ್ನು ಯಾರೋ ಜಾಡಿಸಿ ಎತ್ತಿಕೊಂಡು ಹೋದರು. ಕಸ್ತೂರಿಯ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂದವು. ಬಂದವು, ಹೋದವು. ಬಾವಿಯಂತೆ ಬಾಯಿ ತೆರೆಯುತ್ತದೆಂದು ಅವಳು ಹೆದರಿದ್ದ ಮೌನದ ಅಡಿಯಲ್ಲಿ ನೆಲವಿತ್ತು. ಅದರ ಮೇಲೆ ಮೂವರೂ ಕೂತಿದ್ದರು. ನಿಂಬಿಯ ಎದೆ ಏರಿತು, ಇಳಿಯಿತು. ಮತ್ತೆ ಏರಿತು.

"ಆಕಿ ಎಲ್ಲಿ ಹೋದ್ಲು?"

ದಪ್ಪ ಒಡಕು ದನಿ. ರುಕ್ಮವ್ವ ತಟ್ಟನೆ ಬಾಗಿಲ ಕಡೆ ತಿರುಗಿದಳು, ಗಂಡ ಬಂದನೆಂದು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಬಿಸಿಲಿನ ತುಂಡೊಂದು ಬಿದ್ದಿತ್ತು. ಆಮೇಲೆ ನಿಧಾನವಾಗಿ, ತುಂಬಿದ ಕೊಡ ಹೊತ್ತವಳು ತಿರುಗುವಂತೆ, ಮಗಳ ಕಡೆ ತಿರುಗಿದಳು.

ಕಸ್ತೂರಿ ಏನೂ ಹೇಳಲಿಲ್ಲ. ಉತ್ತರ ಅವಳದಾಗಿರಲಿಲ್ಲ.

"ನನಗೂ ತಿಳೀವಲ್ದು," ಎಂದಳು ರುಕ್ಮವ್ವ. "ನಿನಗ ಆಕಿ ಬೇಕಾಗಿತ್ತೇನು?"

ನಿಂಬಿ ಯೋಚಿಸಿದಳು. ಕನ್ನಡಿಯ ಕಡೆ ಒಮ್ಮೆ, ತಾಯಿಯ ಕಡೆ ಒಮ್ಮೆ ನೋಡಿದಳು. ಇಬ್ಬರು ಹೆಂಗಸರೂ ಕಾದರು. ಎಲ್ಲೋ ಒಂದು ಮಗ್ಗ ಮತ್ತೆ ಶುರುವಾಗಿ, ನಿಂತಿತು.

"ಭಾಳ ಮಾತಾಡ್ತಿದ್ಲು," ಎಂದಳು ನಿಂಬಿ.

ರುಕ್ಮವ್ವ ನಕ್ಕಳು, ನಗುತ್ತಲೇ ಮುಖ ಮುಚ್ಚಿಕೊಂಡಳು. ನಿಂಬಿ ಮುಂದೆ ಬಂದು ತಾಯಿಯ ಮೊಣಕಾಲಿಗೆ ಒರಗಿ ಕೂತು, ಹಬ್ಬದ ಸೀರೆಯ ಸೆರಗನ್ನು ಎತ್ತಿಕೊಂಡು, ಮೈಗೆ ರೇಷ್ಮೆ ಕೂಡುವಲ್ಲಿನ ಗಂಟುಗಳ ಮೇಲೆ ಬೆರಳಾಡಿಸತೊಡಗಿದಳು. ಮುಂದಿನ ಮಾತು ಬರಲು ಇನ್ನೂ ಬಹಳ ಹೊತ್ತು ಹಿಡಿಯಬಹುದು ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ನಾಳೆಯವರೆಗೆ, ಅಥವಾ ಮಾರ್ಚಿನವರೆಗೆ.

ಬೆನ್ನ ಹಿಂದಿನ ಕನ್ನಡಿಯಲ್ಲಿ ತಾನು ಇನ್ನೂ ಇಬ್ಬರಿದ್ದಾಳೋ ಒಬ್ಬಳೇ ಆಗಿದ್ದಾಳೋ ಎಂದು ಕಸ್ತೂರಿ ತಿರುಗಿ ನೋಡಲಿಲ್ಲ. ಮಡಿಲಲ್ಲಿ ಎರಡು ಕೈ ಇಟ್ಟುಕೊಂಡು ಕೂತಳು.